ಕುದುರೆಗೆ ಕೊಟ್ಟ ಗೋಗ್ರಾಸ

ನಮ್ಮ ಅತ್ತೆ ದನಕ್ಕೆ ಗೋಗ್ರಾಸವೆಂದು ಒಂದು ತುತ್ತು ಕೊಡದೆ ತಾವು ಬಾಯಿಗೆ ಏನನ್ನೂ ಹಾಕುವವರಲ್ಲ. ಹಳ್ಳಿಯಲ್ಲಿ ಕೊಟ್ಟಿಗೆ ತುಂಬ ದನ ಇದ್ದಾಗ ಶುರುವಾದ ಅಭ್ಯಾಸ ಅದು. ತೀರ್ಥಹಳ್ಳಿ ಪೇಟೆಗೆ ಬಂದು ಮನೆ ಮಾಡಿದ ಮೇಲೂ ಬಿಡಲಿಲ್ಲ. ಪೇಟೆಯಲ್ಲಿ ನಮಗೆ ಕೊಟ್ಟಿಗೆ ಇಲ್ಲ, ಆದರೆ ದನಗಳಿಗೇನೂ ಕೊರತೆಯಿಲ್ಲ. ಬೆಳಿಗ್ಗೆ ದೇವರ ಪೂಜೆ ಮುಗಿಯುವ ಹೊತ್ತಿಗೆ ಯಾರ ಮನೆಯದೋ ಒಂದು ದನ ಬಂದು ನಮ್ಮ ಗೇಟಿಗೆ ಮೂತಿ ತಿಕ್ಕುತ್ತ ನಿಲ್ಲುತ್ತದೆ. ಅತ್ತೆ ಮೊದಲ ಸೌಟಿನ ಅನ್ನಕ್ಕೆ ಚೂರು ಬೆಲ್ಲ ಸೇರಿಸಿ, ಬಾಳೆಲೆಯ ತುಂಡಿನಲ್ಲಿ ಸುತ್ತಿ, ಎಲೆ ಸಮೇತ ಅದರ ಬಾಯಿಗೆ ಕೊಡುತ್ತಾರೆ. ಹಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರ ಕಾಫಿ ಆಮೇಲೆ. ಜ್ವರ ಬಂದು ಮಲಗಿದ್ದಾಗಲೂ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಹೋದದ್ದನ್ನು ನಾನು ನೋಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಇಲ್ಲದಿದ್ದರೆ ಆ ದಿನ ಆದದ್ದು ಯಾಕೆ ಆಯಿತು ಅಂತ ಯಾರಿಗೂ ತಿಳಿಯುವುದಿಲ್ಲ.

ಮಗಳಿಗೆ ದಸರಾ ರಜೆ. ಅವಳ ಕ್ಲಾಸಿನ ಹುಡುಗಿಯೊಬ್ಬಳು ಹೊಸನಗರದಿಂದ ಸಾಗರಕ್ಕೆ ಹೋಗುವ ಕಡೆ ಹಿನ್ನೀರಿನ ಪಕ್ಕದಲ್ಲಿರುವ ಒಂದು ಫಾರಂಗೆ ಹೋಗಿ ಬಂದಿದ್ದಳಂತೆ. ಅಲ್ಲಿ ಕುದುರೆಯ ಮೇಲೆ ಕೂರಿಸಿ ಕಾಡಿನ ದಾರಿಯಲ್ಲಿ ಸುತ್ತಾಡಿಸುತ್ತಾರೆ, ಮೊಲ, ಆಡು, ಬಾತುಕೋಳಿಗಳಿಗೆ ಮಕ್ಕಳೇ ಮೇವು ಹಾಕಬಹುದು. ಮಗಳು ಅದನ್ನೇ ಹಿಡಿದು ಕೂತಳು. ಅವರಪ್ಪ ಮೊದಲು ಬೇಡ ಎಂದು, ಆಮೇಲೆ ನೋಡೋಣ ಎಂದು, ಕೊನೆಗೆ ತಾವೇ ಫೋನ್ ಮಾಡಿ ವಿಚಾರಿಸಿದರು.

"ಕುದ್ರೆ ನೋಡಕ್ಕೆ ಅಷ್ಟು ದೂರ ಹೋಗದಾ? ನಾ ಬರಲ್ಲ," ಅಂದರು ಅತ್ತೆ.

"ನೀನು ಬರ್ದೆ ಇದ್ರೆ ಅಪ್ಪ ಬೈಯೋವಾಗ ನನ್ನ ಬಿಡ್ಸೋರು ಯಾರು ಅಜ್ಜಿ?" ಅಂದಳು ಮಗಳು.

"ವಾಪಸ್ ಬರ್ತಾ ಕೆಳದಿ ದೇವಸ್ಥಾನಕ್ಕೆ ಕರ್ಕೊಂಡು ಹೋಗದಾದ್ರೆ ಬತ್ತೀನಿ. ಬರೀ ಕುದ್ರೆಗಂತ ಆದ್ರೆ ನೀವ್ ನೀವೇ ಹೋಗಿ."

ಹಾಗೆ ಒಪ್ಪಂದವಾಯಿತು. ಬಿಸಿಲೇರಿದರೆ ಕುದುರೆ ಹೊರಗೆ ಬಿಡುವುದಿಲ್ಲ, ಬೇಗ ಬನ್ನಿ ಎಂದಿದ್ದರು. ನಸುಕಿಗೇ ಎದ್ದು ಸ್ನಾನ, ಪೂಜೆ ಮುಗಿಸಿದೆವು. ನಮ್ಮ ಗೇಟಿಗೆ ಬರುವ ದನ ಅಷ್ಟು ಬೇಗ ಬರುವುದಿಲ್ಲ. ಅನ್ನ ಕಟ್ಟಿಕೊಂಡರೆ ಹಳಸುತ್ತದೆ ಎಂದು ಅತ್ತೆ ಗಟ್ಟಿ ಅವಲಕ್ಕಿಗೆ ಬೆಲ್ಲದ ಪಾಕ ಹಾಕಿ, ಒತ್ತಿ ಒತ್ತಿ ಉಂಡೆ ಕಟ್ಟಿದರು. ದೇವರ ಮುಂದಿಟ್ಟು, ಒಂದೊಂದನ್ನೂ ಬಾಳೆಲೆಯಲ್ಲಿ ಸುತ್ತಿ ಬಾಳೆನಾರು ಬಿಗಿದರು. ದಾರಿಯಲ್ಲಿ ಎಲ್ಲಾದರೂ ದನ ಸಿಕ್ಕೇ ಸಿಗುತ್ತದೆ ಎಂಬುದು ಅವರ ಲೆಕ್ಕ.

ದನ ಸಿಗಲಿಲ್ಲ ಎಂದಲ್ಲ. ಹುಂಚ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲೇ ಎರಡು ದನ ಮೇಯುತ್ತಿದ್ದವು. "ಸ್ವಲ್ಪ ನಿಲ್ಸಾ," ಅಂದರು ಅತ್ತೆ. ನಮ್ಮನೆಯವರು ಗಡಿಯಾರ ನೋಡಿಕೊಂಡು, "ಅಲ್ಲಿ ಫಾರಮ್ಮಲ್ಲೇ ಇರ್ತಾವಮ್ಮ, ಅಲ್ಲೇ ಕೊಡು," ಅಂದರು. ಕಾರು ನಿಲ್ಲಲಿಲ್ಲ. ಅತ್ತೆ ಮಡಿಲಿನ ಚೀಲದ ಮೇಲೆ ಕೈಯಿಟ್ಟುಕೊಂಡು ಕೂತರು.

ಫಾರಂ ನೋಡಿಕೊಳ್ಳುವವರು ಗಂಡ ಹೆಂಡತಿ ಇಬ್ಬರೇ. ಗಂಡ ಬೂಸಾ ತರಲು ಸಾಗರಕ್ಕೆ ಹೋಗಿದ್ದರು. ಹೆಂಡತಿ, ನನಗಿಂತ ಸಣ್ಣ ವಯಸ್ಸಿನವಳು, ಮೊಣಕಾಲವರೆಗಿನ ಬೂಟು ಹಾಕಿಕೊಂಡು ಬಂದು ಬೇಲಿಯ ಬಾಗಿಲು ತೆಗೆದಳು. ಇರುವುದು ಎರಡು ಕುದುರೆ. ಬಿಳಿಯದರ ಕಾಲಿನ ಲಾಳ ಸಡಿಲವಾಗಿತ್ತು. ಆ ದಿನ ಕಂದು ಬಣ್ಣದ ಹೆಣ್ಣು ಕುದುರೆಯೊಂದೇ. "ಇವಳಿಗೆ ವಯಸ್ಸಾಗಿದೆ, ಮಕ್ಕಳಿಗೆ ಇವಳೇ ಸರಿ. ಹುಚ್ಚಾಟ ಇಲ್ಲ," ಅಂದಳು. ಅವಳು ಮದುವೆಯಾಗಿ ಬರುವ ಮೊದಲಿನಿಂದ ಜೊತೆಗಿದ್ದ ಕುದುರೆಯಂತೆ ಅದು. ಅದರ ಕೊರಳು ತಟ್ಟಿ ಮಾತಾಡುವ ರೀತಿಯಲ್ಲೇ ತಿಳಿಯುತ್ತಿತ್ತು.

ಮೊದಲು ಮಗಳ ಕೈಗೆ ಒಂದು ಬುಟ್ಟಿ ಸೊಪ್ಪು ಕೊಟ್ಟು ಬಿಟ್ಟಳು. ಮೊಲಗಳು ಹತ್ತಿರ ಬರುವ ಮೊದಲೇ ಒಂದು ಆಡು ಬುಟ್ಟಿಗೇ ತಲೆ ಹಾಕಿ ಅರ್ಧ ಖಾಲಿ ಮಾಡಿತು. ಮಗಳು ನಕ್ಕು ನಕ್ಕು ಕುಳಿತೇಬಿಟ್ಟಳು. ಅತ್ತೆಯ ಕಣ್ಣು ಮಾತ್ರ ಅತ್ತಿತ್ತ ಹುಡುಕುತ್ತಿತ್ತು.

"ದನ ಇಲ್ವಾ ಮಗಾ ನಿಮ್ಮಲ್ಲಿ?"

"ಇಲ್ಲಮ್ಮಾ. ಹಾಲು ಡೈರಿಯಿಂದ ತರ್ತೀವಿ."

"ಇಷ್ಟೆಲ್ಲ ಸಾಕೀರಿ, ಒಂದು ದನ ಸಾಕಕ್ಕೆ ಎಂತ ಆಗಿತ್ತು?"

ಅವಳು ನಕ್ಕು ಹೆಲ್ಮೆಟ್ ತರಲು ಒಳಗೆ ಹೋದಳು. ನಮ್ಮನೆಯವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, "ವಾಪಸ್ ಹೋಗ್ತಾ ಎಲ್ಲಾದ್ರೂ ಕೊಟ್ರಾಯ್ತು. ಈಗ ಇದನ್ನ ಕುಡಿ," ಅಂದರು. "ನಂಗೆ ಎಂತೂ ಬೇಡ," ಅಂದರು ಅತ್ತೆ.

ನಾನು ಕೆಳಗೆ ಕೂತು ಮಗಳ ಶೂಸಿನ ದಾರ ಕಟ್ಟುತ್ತಿದ್ದೆ. ತಲೆಯೆತ್ತಿದಾಗ ಅತ್ತೆ ಕುದುರೆಯ ಮುಂದೆ ನಿಂತಿದ್ದರು. ಉಂಡೆಯನ್ನು ಕಣ್ಣಿಗೊತ್ತಿಕೊಂಡು ಅದರ ಬಾಯಿಗೆ ಕೊಟ್ಟರು. ಅದು ತುಟಿ ಚಾಚಿ ತೆಗೆದುಕೊಂಡು, ಎರಡು ಸಲ ಕೂಡ ಅಗಿಯದೆ ನುಂಗಿ, ಇನ್ನೂ ಬೇಕೆಂದು ಮೂತಿ ಮುಂದೆ ಮಾಡಿತು. ಅತ್ತೆ ಇನ್ನೊಂದು ಕೊಟ್ಟರು. ಕೈ ಮುಗಿದರು.

ಲಾಯದ ಕಂಬಕ್ಕೆ ಒಂದು ಬೋರ್ಡು ಇತ್ತು, ಹೊರಗಿನ ತಿಂಡಿ ಪ್ರಾಣಿಗಳಿಗೆ ಕೊಡಬಾರದು ಎಂದು. ಮಗಳು ಅದನ್ನು ತೋರಿಸಿದಳು. "ಅದು ಚಿಪ್ಸು, ಬಿಸ್ಕತ್ತು ತಿನ್ಸೋರಿಗೆ ಬರ್ದಿದ್ದು ಕಣೇ. ಇದು ದೇವರ ಮುಂದೆ ಇಟ್ಟಿದ್ದು," ಅಂದರು ಅತ್ತೆ. ನನಗೂ ಅದು ಸರಿಯೆಂದೇ ತೋರಿತು. ಸದ್ಯ, ಇನ್ನು ಅತ್ತೆ ಕಾಫಿ ಕುಡಿಯುತ್ತಾರೆ ಎಂದುಕೊಂಡೆ. ಮನೆಯಲ್ಲಿ ಹಿರಿಯರು ಹಸಿದಿದ್ದರೆ ಬೇರೆ ಯಾರಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಮಗಳನ್ನು ಜೀನಿನ ಮೇಲೆ ಕೂರಿಸಿ, ಫಾರಮಿನವಳು ಹಗ್ಗ ಹಿಡಿದು ಮುಂದೆ ನಡೆದಳು. ನಾನು ಹಿಂದೆ ನಡೆದೆ. ಬೇಕಾದರೆ ಇಲ್ಲೇ ಕೂತಿರಿ ಅಂದಿದ್ದಳು, ಆದರೆ ಅಷ್ಟು ಎತ್ತರದಲ್ಲಿ ಮಗು ಕೂತಿರುವಾಗ ನನಗೆ ಇಲ್ಲಿ ಕೂರಲು ಆಗುತ್ತದೆಯೇ. ಅಕೇಶಿಯಾ ಮರಗಳ ನಡುವೆ ಕೆಂಪು ಮಣ್ಣಿನ ದಾರಿ, ಇಳಿಜಾರು, ಕೆಳಗೆ ತುಂಬಿದ ಹಿನ್ನೀರು. ಮಳೆಗಾಲದ ರಕ್ತ ಹೀರುವ ಇಂಬಳ ಇನ್ನೂ ಹೋಗಿರಲಿಲ್ಲ. ನಾನು ಸೀರೆ ಎತ್ತಿ ಸಿಕ್ಕಿಸಿ, ಕಾಲು ನೋಡಿಕೊಳ್ಳುತ್ತ, ಮಗಳ ಬೆನ್ನು ನೋಡುತ್ತ ನಡೆಯುತ್ತಿದ್ದೆ. ಅವಳು ಒಮ್ಮೆ ಕೈಬಿಟ್ಟು ನನ್ನತ್ತ ತಿರುಗಿ ನಕ್ಕಳು. "ಮುಂದೆ ನೋಡ್ಕೊಂಡು ಕೂತ್ಕಾ," ಅಂದೆ.

ಕುದುರೆ ಕೆಮ್ಮಿದ್ದು ಆಗ.

ಒಂದು ಸಲ ಕೆಮ್ಮಿ ನಡೆಯಿತು. ಇನ್ನೊಂದು ಸಲ ಕೆಮ್ಮಿ ನಿಂತಿತು. ಕೊರಳನ್ನು ನೆಲದ ಕಡೆಗೆ ಉದ್ದಕ್ಕೆ ಚಾಚಿ, ಹೊಟ್ಟೆಯ ಒಳಗಿನಿಂದ ಏನನ್ನೋ ಎಳೆಯುವ ಹಾಗೆ ಮೈಯನ್ನೆಲ್ಲ ಹಿಂಡಿತು. ಮುಂಗಾಲಿನಿಂದ ನೆಲ ಕೆರೆಯಿತು. ಮಗಳು ಜೀನಿನ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಫಾರಮಿನವಳು ದನಿ ಏರಿಸಲಿಲ್ಲ.

"ಪುಟ್ಟಾ, ಎರಡೂ ಕಾಲು ಆ ಕಬ್ಬಿಣದ ಬಳೆಯಿಂದ ಬಿಡಿಸ್ಕೋ. ಹಾಂ. ಈಗ ನನ್ನ ಕಡೆ ಜಾರು. ಹೆದರ್ಬೇಡ, ಜಾರು."

ನಾನು ಓಡಿ ಹೋಗಿ ಮಗಳ ಸೊಂಟಕ್ಕೆ ಕೈ ಕೊಟ್ಟೆ. ಅವಳ ಕಾಲು ನೆಲ ಮುಟ್ಟಿತು. ಅದೊಂದು ಪುಣ್ಯ. ಅವಳನ್ನು ದೂರ ಎಳೆದುಕೊಂಡು ತಿರುಗಿ ನೋಡಿದರೆ ಕುದುರೆಯ ಎರಡೂ ಮೂಗಿನ ಹೊಳ್ಳೆಗಳಿಂದ ನೊರೆ ಇಳಿಯುತ್ತಿತ್ತು. ಹಸಿರು ನೊರೆ. ಅದರೊಳಗೆ ಬಿಳಿ ಬಿಳಿ ಚೂರು. ಅದೇನೆಂದು ಫಾರಮಿನವಳಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ದಿನಾ ನೆನೆಹಾಕುವ ಅವಲಕ್ಕಿ ನನಗೆ ಕಾಣದೆ ಇರುತ್ತದೆಯೇ.

"ಅಕ್ಕಾ, ಏನಾದ್ರೂ ಕೊಟ್ರಾ ಇದಕ್ಕೆ?"

"ನಮ್ಮತ್ತೆ ಕೊಟ್ರು. ಅವಲಕ್ಕಿ ಉಂಡೆ. ಎರಡು."

"ನೆನೆಸಿದ್ದಾ?"

"ಅಲ್ಲ. ಒಣದು. ಬೆಲ್ಲ ಹಾಕಿ ಗಟ್ಟಿ ಒತ್ತಿದ್ದು. ಬಾಳೆಲೆ ಸಮೇತ ಕೊಟ್ರು."

ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಡಿ ಒಣ ಅವಲಕ್ಕಿಗೆ ನೀರು ತಾಕಿದರೆ ಪಾತ್ರೆ ತುಂಬ ಆಗುತ್ತದೆ. ಅದು ಈಗ ಆ ಕುದುರೆಯ ಗಂಟಲಲ್ಲಿ, ಅದರದೇ ಜೊಲ್ಲಿನಲ್ಲಿ ಉಬ್ಬುತ್ತಿತ್ತು.

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ದಿಬ್ಬದ ಮೇಲೆ ಮರ ಕಡಿದು ಬಯಲಾದ ಜಾಗದಲ್ಲಿ ಸಿಗುತ್ತದೆ. ದನದ ಡಾಕ್ಟರಿಗೆ ಹೇಳಲು ಅವಳು ಅಲ್ಲಿಗೆ ಹತ್ತಬೇಕು. ಕುದುರೆಯನ್ನು ಮರಕ್ಕೆ ಕಟ್ಟಿದರೆ ಹಗ್ಗ ಜಗ್ಗಿ ಬಿದ್ದೀತು, ಬಿಟ್ಟರೆ ನೀರಿಗೆ ಹೋಗುತ್ತದೆ.

"ಹಗ್ಗ ನೀವು ಹಿಡ್ಕೊಳ್ಳಿ ಅಕ್ಕಾ. ಕೈಗೆ ಸುತ್ಕೋಬೇಡಿ. ಎದುರಿಗೆ ನಿಲ್ಬೇಡಿ, ಪಕ್ಕಕ್ಕೆ ನಿಂತ್ಕೊಳ್ಳಿ. ತಲೆ ಕೆಳಗೇ ಇರ್ಲಿ. ಏನಾದ್ರೂ ಮಾಡಿ, ನೀರು ಕುಡಿಯೋಕೆ ಮಾತ್ರ ಬಿಡ್ಬೇಡಿ. ಕುಡಿದ್ರೆ ಎಲ್ಲ ಎದೆಗೆ ಹೋಗುತ್ತೆ."

"ನಂಗೆ ಕುದುರೆ ಹಿಡಿದು ಗೊತ್ತಿಲ್ಲ."

"ನಂಗೂ ಬೇರೆ ಯಾರೂ ಇಲ್ಲ."

ಅವಳು ಓಡಿದಳು. ಮಗಳನ್ನು ದಾರಿ ಬದಿಯ ಒಂದು ಹುತ್ತದ ಆಚೆ ಇದ್ದ ಕಲ್ಲಿನ ಮೇಲೆ ನಿಲ್ಲಿಸಿ, ನಾನು ಹಗ್ಗ ಹಿಡಿದು ನಿಂತೆ. ಕುದುರೆಯ ಹೊಟ್ಟೆ ನನ್ನ ಎದೆಯ ಮಟ್ಟಕ್ಕಿತ್ತು. ಅದರ ಬೆವರಿನ ವಾಸನೆಯಲ್ಲಿ ಬೆಲ್ಲದ ವಾಸನೆಯೂ ಸೇರಿತ್ತು. ನೀರು ಕಾಣುತ್ತಿತ್ತು, ಅದಕ್ಕೂ ನನಗೂ. ಗಂಟಲಿಗೆ ಸಿಕ್ಕಿಕೊಂಡ ಜೀವ ನೀರಿನ ಕಡೆಗೇ ಹೋಗುತ್ತದೆ. ಅದು ಒಂದು ಹೆಜ್ಜೆ ಇಟ್ಟಿತು. ನಾನು ಹಿಂದಕ್ಕೆ ಜಗ್ಗಿದೆ. ಚಪ್ಪಲಿ ಕೆಂಪು ಮಣ್ಣಿನಲ್ಲಿ ಜಾರಿತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ. ಅದು ಇನ್ನೊಂದು ಹೆಜ್ಜೆ ಇಟ್ಟಿತು. ಅದು ಮನಸ್ಸು ಮಾಡಿದ್ದರೆ ನನ್ನನ್ನು ಎಳೆದುಕೊಂಡೇ ಹೋಗುತ್ತಿತ್ತು. ಅದಕ್ಕೂ ಶಕ್ತಿ ಇರಲಿಲ್ಲವೋ, ಅಥವಾ ಮೇಲಿರುವ ದೇವರಿಗೆ ಕರುಣೆ ಬಂತೋ, ಮತ್ತೆ ಕೆಮ್ಮು ಬಂದು ನಿಂತಿತು.

ಕುದುರೆಯ ಹತ್ತಿರ ಏನು ಮಾತಾಡಬೇಕೆಂದು ನನಗೆ ಗೊತ್ತಿಲ್ಲ. ದನದ ಹತ್ತಿರ ಮಾತಾಡುವ ಹಾಗೆ ಮಾತಾಡಿದೆ. ತಡಿ, ತಡಿ ನನ್ನವ್ವ, ಈಗ ಬತ್ತಾರೆ ಎಂದೆ. ನಡುನಡುವೆ ದೇವರ ನಾಮ ಹೇಳುತ್ತಿದ್ದೆ. ಯಾವ ದೇವರದು ಎಂದು ಈಗ ಕೇಳಿದರೆ ಹೇಳಲಾರೆ, ನೆನಪಿಗೆ ಬಂದವರನ್ನೆಲ್ಲ ಕರೆದೆ. ಅದರ ಕೊರಳಿನ ಎಡಗಡೆಯಲ್ಲಿ ಚರ್ಮದ ಕೆಳಗೆ ಒಂದು ಉಬ್ಬು ಕಂಡಿತು. ಕೈ ಇಟ್ಟರೆ ಗಟ್ಟಿ. ಅತ್ತೆಯ ಕೈಯ ಒತ್ತು ಎಷ್ಟು ಬಿಗಿಯೆಂದು ನನಗೆ ಗೊತ್ತಿದ್ದದ್ದೇ. ಮೇಲಿನಿಂದ ಕೆಳಕ್ಕೆ ಮೆಲ್ಲಗೆ ನೀವುತ್ತ ನಿಂತೆ. ಮಾಡಬಹುದೋ ಬಾರದೋ ತಿಳಿಯದು, ಆದರೆ ಅದು ತಡೆದುಕೊಂಡು ನಿಂತಿತ್ತು.

"ಅಮ್ಮ, ಅದು ಸಾಯತ್ತಾ?" ಕಲ್ಲಿನ ಮೇಲಿಂದ ಮಗಳು ಕೇಳಿದಳು.

"ಇಲ್ಲ."

"ನಿಂಗೆ ಹೆಂಗೆ ಗೊತ್ತು?"

"ಗೊತ್ತಿಲ್ಲ. ಸುಮ್ನೆ ನಿಂತ್ಕಾ."

"ಸತ್ರೆ ಅಜ್ಜಿಗೆ ಪಾಪ ಬರತ್ತಾ?"

 ಅದೇ ಮಾತು ನನ್ನೊಳಗೂ ಓಡುತ್ತಿತ್ತು. ಒಂದು ಇರುವೆ ಕಾಲಿಗೆ ಸಿಕ್ಕರೂ ಶಿವಶಿವಾ ಎನ್ನುವ ಹೆಂಗಸು. ದೇವರ ಹೆಸರಿನಲ್ಲಿ ತಮ್ಮ ಕೈಯಾರೆ ಕೊಟ್ಟ ತುತ್ತಿನಿಂದ ಒಂದು ಪ್ರಾಣಿ ಸತ್ತಿತು ಎಂದಾದರೆ, ಆಮೇಲೆ ಅವರು ಉಣ್ಣುತ್ತಾರೆಯೇ, ಪೂಜೆಗೆ ಕೂರುತ್ತಾರೆಯೇ. ಕುದುರೆಯ ಜೀವಕ್ಕೆ ಅಂಟಿಕೊಂಡು ನಮ್ಮ ಮನೆಯ ಒಂದು ಜೀವವೂ ಇತ್ತು.

ಫಾರಮಿನವಳು ಏದುಸಿರು ಬಿಡುತ್ತ ಇಳಿದು ಬಂದಳು. ಡಾಕ್ಟರು ಇನ್ನೊಂದು ಊರಿನಲ್ಲಿ ದನದ ಹೆರಿಗೆಗೆ ಹೋಗಿದ್ದಾರೆ, ಮುಗಿಸಿ ಬರುತ್ತಾರಂತೆ. ಇಲ್ಲಿಗೆ ಗಾಡಿ ಬರುವುದಿಲ್ಲ, ಮೆಲ್ಲಗೆ ಲಾಯಕ್ಕೆ ನಡೆಸಿಕೊಂಡು ಬರಬೇಕಂತೆ. ಇಳಿದ ದಾರಿಯನ್ನು ಹತ್ತಿದೆವು. ನಾಲ್ಕು ಹೆಜ್ಜೆ ನಡೆಯುವುದು, ಕುದುರೆ ನಿಂತು ಮೈ ಹಿಂಡುವುದು, ಮತ್ತೆ ನಡೆಯುವುದು. ದಾರಿಯುದ್ದಕ್ಕೂ ಅವಳ ಮಾತೆಲ್ಲ ಕುದುರೆಯ ಜೊತೆಗೆ. "ಬಾ ಚಿನ್ನ, ಇನ್ನೊಂಚೂರು ಬಾ."

ಅತ್ತೆ ಬೇಲಿಯ ಬಾಗಿಲಲ್ಲೇ ನಿಂತಿದ್ದರು. ನೊರೆ ನೋಡಿದರು, ನನ್ನ ಮುಖ ನೋಡಿದರು.

"ಎಂತ ಆತು?"

ಮರೆಸಿ ಹೇಳುವುದು ನನಗೆ ಬರುವುದಿಲ್ಲ. "ನೀವು ಕೊಟ್ಟ ಉಂಡೆ ಗಂಟಲಲ್ಲಿ ಸಿಕ್ಕಿದೆ ಅತ್ತೆ," ಅಂದೆ.

ಅವರು ನೇರ ನಲ್ಲಿಯ ಹತ್ತಿರ ಹೋಗಿ, ಅಲ್ಲಿದ್ದ ಬಕೆಟ್ಟು ತುಂಬಿ ಎತ್ತಿಕೊಂಡು ಬಂದರು. ಆ ವಯಸ್ಸಿನಲ್ಲಿ ತುಂಬಿದ ಬಕೆಟ್ಟು. ಫಾರಮಿನವಳು ಅಡ್ಡ ನಿಂತಳು.

"ಬೇಡಮ್ಮಾ."

"ಗಂಟ್ಲಿಗೆ ಸಿಕ್ಕಿದ್ರೆ ನೀರು ಕೊಡ್ದೆ ಎಂತ ಮಾಡದು ಮಗಾ? ಒಂದು ಗುಟುಕು ಕುಡಿದ್ರೆ ಇಳಿತದೆ."

"ಇಳಿಯಲ್ಲ. ಉಸಿರಿನ ದಾರಿಗೆ ಹೋಗುತ್ತೆ. ದಯವಿಟ್ಟು ಇನ್ನೇನೂ ಕೊಡ್ಬೇಡಿ." ಅಲ್ಲಿಯವರೆಗೆ ತಡೆದುಕೊಂಡಿದ್ದವಳ ದನಿ ಅಲ್ಲಿ ಒಡೆಯಿತು. "ನಿಮ್ಮ ಪುಣ್ಯಕ್ಕೆ ನನ್ನ ಕುದುರೆನೇ ಬೇಕಿತ್ತಾ ಅಮ್ಮಾ?"

ಅತ್ತೆ ಬಕೆಟ್ಟು ಕೆಳಗಿಟ್ಟರು. ನೀರು ತುಳುಕಿ ಅವರ ಸೀರೆಯ ಅಂಚು ಒದ್ದೆಯಾಯಿತು. ನಮ್ಮ ಮನೆಯಲ್ಲಿ ಅವರಿಗೆ ಹಾಗೆ ಮಾತಾಡಿದವರು ಯಾರೂ ಇಲ್ಲ. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಅತ್ತೆಗೂ ಬರಲಿಲ್ಲ ಎಂದು ಕಾಣುತ್ತದೆ. "ಸರಿ ಮಗಾ," ಅಂದರು, ಅಷ್ಟೇ.

ನಮ್ಮನೆಯವರು ಗಾಬರಿಯಾದರೆ ಬೈಯುವ ಸ್ವಭಾವದವರು. "ಬೋರ್ಡು ಕಾಣ್ಲಿಲ್ವಾ ನಿಂಗೆ? ಹೋದಲ್ಲೆಲ್ಲ ನಿಂದೊಂದು ಶಾಸ್ತ್ರ," ಎಂದು ಶುರು ಮಾಡಿದರು. ಹುಂಚದ ಹತ್ತಿರ ನಿಲ್ಲಿಸು ಅಂದಿದ್ದೆ ಎಂದು ಅತ್ತೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವರು ಹೇಳದೆ ಇದ್ದದ್ದೇ ಮಗನಿಗೆ ನಾಟಿತು. ಅರ್ಧಕ್ಕೇ ನಿಲ್ಲಿಸಿ ಬೇಲಿಯ ಕಡೆ ಹೋಗಿ ನಿಂತರು. ಸ್ವಲ್ಪ ಹೊತ್ತಿಗೆ ಬಂದು ನನ್ನ ಕಿವಿಯಲ್ಲಿ, "ನಾವಿಲ್ಲಿದ್ದು ಎಂತ ಮಾಡದು? ಅಮ್ಮನ ಮುಖ ನೋಡಕ್ಕಾಗಲ್ಲ. ಕರ್ಕೊಂಡು ಹೊರಡಣಾ?" ಅಂದರು.

ಅತ್ತೆಯ ಕಿವಿ ಚುರುಕು. "ನೀವು ಹೋಗಿ. ನಾ ಬರಲ್ಲ," ಅಂದು ಲಾಯದ ಮುಂದಿನ ಕಲ್ಲಿನ ಮೇಲೆ ಕೂತರು.

ಡಾಕ್ಟರು ಬರುವವರೆಗಿನ ಆ ಹೊತ್ತನ್ನು ಹೇಗೆ ಬರೆಯಬೇಕೋ ತಿಳಿಯದು. ಕುದುರೆ ಒಮ್ಮೆ ಮುಂಗಾಲು ಮಡಚಿ ಮಲಗಲು ನೋಡಿತು. ಫಾರಮಿನವಳು ಅದರ ಕೊರಳಿಗೆ ಭುಜ ಕೊಟ್ಟು ಎಬ್ಬಿಸಿ ನಿಲ್ಲಿಸಿದಳು. ಅತ್ತೆಯ ತುಟಿ ಅಲುಗುತ್ತಿತ್ತು, ಸದ್ದು ಇರಲಿಲ್ಲ. ಮಗಳು ಅವರ ಪಕ್ಕ ಹೋಗಿ ಕೂತು ಒದ್ದೆ ಸೆರಗು ಹಿಡಿದುಕೊಂಡಳು. ಮಳೆ ಇರಲಿಲ್ಲ, ಅದೊಂದು. ಮಗು ಕುದುರೆಯ ಮೇಲಿಂದ ಬಿದ್ದಿರಲಿಲ್ಲ, ಅದೊಂದು. ಡಾಕ್ಟರು ಫೋನಿಗೆ ಸಿಕ್ಕಿದ್ದರು, ಅದೊಂದು. ಇಂಥ ಹೊತ್ತಿನಲ್ಲಿ ನಾನು ಹೀಗೆ ಒಂದೊಂದಾಗಿ ಹಿಡಿದುಕೊಳ್ಳುತ್ತೇನೆ. ಹಿಡಿದುಕೊಳ್ಳಲು ಬೇರೆ ಏನಿರುತ್ತದೆ.

ಬೈಕಿನಲ್ಲಿ ಬಂದರು ಡಾಕ್ಟರು, ಹೆಗಲಿಗೆ ಚೀಲ, ಹಿಂದೆ ಸುರುಳಿ ಸುತ್ತಿದ ಉದ್ದನೆಯ ಪೈಪು. ಅಂಗಿಯ ತೋಳಿಗೆ ಆಗಷ್ಟೇ ಹುಟ್ಟಿದ ಕರುವಿನ ಲೋಳೆ ಇನ್ನೂ ಒಣಗಿರಲಿಲ್ಲ. ಏನು ತಿಂದಿತು ಎಂದು ಕೇಳಿದರು. ಈ ಸಲ ಹೇಳಿದ್ದು ಅತ್ತೆಯೇ. ಎದ್ದು ನಿಂತು, "ನಾ ಕೊಟ್ಟಿದ್ದು. ಗೋಗ್ರಾಸ. ದನ ಸಿಗ್ಲಿಲ್ಲ ಅಂತ ಇದಕ್ಕೆ ಕೊಟ್ಟೆ," ಅಂದರು.

"ದನ ಆದ್ರೆ ನುಂಗಿದ್ದನ್ನ ವಾಪಸ್ ಬಾಯಿಗೆ ತಂದು ಮೆಲುಕು ಹಾಕುತ್ತೆ ಅಜ್ಜಿ. ಇದಕ್ಕೆ ಆ ದಾರಿನೇ ಇಲ್ಲ. ಒಳಗೆ ಹೋದದ್ದು ಹೋಗ್ಬೇಕು, ಅಷ್ಟೇ." ಬೈದು ಹೇಳಿದ್ದಲ್ಲ, ಚೀಲ ಬಿಚ್ಚುತ್ತ ಹೇಳಿದರು. "ಈಗ ಬಿಸಿನೀರು ಬೇಕು. ಬಹಳ ಬೇಕು. ಎಳೆಮಗುವಿಗೆ ಸ್ನಾನ ಮಾಡಿಸೋ ಹದ. ಕಾಯ್ಸಕ್ಕೆ ಆಗುತ್ತಾ?"

ಅತ್ತೆ ಆಗಲೇ ಫಾರಮಿನವರ ಅಡುಗೆಮನೆಯ ಕಡೆ ತಿರುಗಿದ್ದರು.

ಆಮೇಲೆ ನಾನೂ ಅತ್ತೆಯೂ ಒಲೆಯ ಮುಂದೆಯೇ. ನಾನು ಹಂಡೆಯಿಂದ ಮೊಗೆದು ಬಕೆಟ್ಟಿಗೆ ಸುರಿಯುವುದು, ಅತ್ತೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ಹದ ನೋಡುವುದು, ನಮ್ಮನೆಯವರು ಹೊತ್ತುಕೊಂಡು ಓಡುವುದು. ಹೊರಗೆ ಡಾಕ್ಟರು ಕುದುರೆಗೆ ಮಂಪರಿನ ಸೂಜಿ ಚುಚ್ಚಿ, ಮೂಗಿನ ಹೊಳ್ಳೆಯಿಂದ ಪೈಪು ಇಳಿಸಿ, ಅಡ್ಡವಾದಲ್ಲಿಗೆ ನೀರು ಬಿಡುತ್ತಿದ್ದರು, ತಲೆ ಕೆಳಗೆ ಮಾಡಿ ಹೊರಗೆ ಹರಿಸುತ್ತಿದ್ದರು. ಪ್ರತಿ ಸಲವೂ ಒಂದಿಷ್ಟು ಅವಲಕ್ಕಿಯ ಗಂಜಿ. ನಾನು ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದೆ. ಅತ್ತೆ ಬಂದು ನೋಡಲಿಲ್ಲ.

"ಬಂತಾ?" ಎಂದು ಕೇಳುವರು.

"ಸ್ವಲ್ಪ ಬಂತು."

"ಎಲೆ?"

"ಎಲೆ ಇನ್ನೂ ಕಾಣ್ಲಿಲ್ಲ."

ಎಲೆಯೇ ಅಡ್ಡ ಕೂತಿತ್ತು. ನಾರು ಬಿಗಿದ ಬಾಳೆಲೆ. ಒಂದು ಸಲ ಡಾಕ್ಟರು ಪೈಪು ಹೊರಗೆ ಎಳೆದು, ತಲೆ ಅಲ್ಲಾಡಿಸಿ, ಇನ್ನೊಂದು ಹೊಳ್ಳೆಯಿಂದ ಇಳಿಸಿದರು. ಪೈಪಿನ ತುದಿಗೆ ರಕ್ತ ಇತ್ತು. ಅದನ್ನು ನಾನು ಒಳಗೆ ಹೇಳಲಿಲ್ಲ. ಅತ್ತೆಯ ಹದ ಒಂದು ಬಕೆಟ್ಟಿನಲ್ಲೂ ತಪ್ಪಲಿಲ್ಲ.

ಕೊನೆಗೆ ಹೊರಗಿನಿಂದ ಡಾಕ್ಟರ ದನಿ ಕೇಳಿತು. "ಹಾಂ. ಹೋಯ್ತು ನೋಡು. ದಾರಿ ಬಿಡ್ತು."

ನಾನು ಓಡಿದೆ. ಎಲೆ ಹೊಟ್ಟೆಗೆ ಸರಿದು, ಪೈಪು ಸಲೀಸಾಗಿ ಒಳಗೆ ಇಳಿದಿತ್ತು. ಕುದುರೆ ಮಂಪರಿನಲ್ಲಿ ತಲೆ ಜೋಲುಬಿಟ್ಟು ನಿಂತಿತ್ತು. ನೆಲದ ಮೇಲೆ ಹರಿದ ಗಂಜಿಯಲ್ಲಿ ಬಾಳೆಯ ನಾರು ಬಿದ್ದಿತ್ತು. ಫಾರಮಿನವಳು ಅಲ್ಲೇ ಕುಕ್ಕರಿಸಿ ಮೊಣಕಾಲಿಗೆ ಮುಖ ಒತ್ತಿಕೊಂಡಳು.

ಆದರೆ ಡಾಕ್ಟರು ಕೈ ತೊಳೆಯುತ್ತ ಇನ್ನೂ ಮುಗಿದಿಲ್ಲ ಎನ್ನುವ ಹಾಗೆ ಹೇಳಿದರು. "ಗಂಟಲು ಬಿಟ್ಟಿದೆ. ಆ ನೊರೆ ಎದೆಗೆ ಇಳಿದಿದ್ರೆ ಇವತ್ತು ಗೊತ್ತಾಗಲ್ಲ. ಜ್ವರ ಬಂದ್ರೆ ಕಷ್ಟ. ಎರಡು ಮೂರು ದಿನ ಕಣ್ಣಿಟ್ಟು ನೋಡ್ಕೊಳ್ಳಿ. ಇವತ್ತು ಹೊಟ್ಟೆಗೆ ಏನೂ ಬೇಡ."

ಇದನ್ನು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ನಾವು ಹೊರಡುವಾಗ ಫಾರಮಿನವಳ ಮುಂದೆ ಹೋಗಿ, "ನಾ ಇನ್ನೆಂತ ಹೇಳ್ಲಿ ಮಗಾ," ಅಂದರು. ಅವಳು ಅವರ ಕೈ ಹಿಡಿಯಲಿಲ್ಲ, ಬಿಡು ಎನ್ನಲೂ ಇಲ್ಲ. "ಜ್ವರ ಬರ್ದೆ ಇರ್ಲಿ ಅಂತ ಕೇಳ್ಕೊಳ್ಳಿ ಅಮ್ಮಾ," ಅಂದಳು. ಕೆಳದಿಯ ಮಾತನ್ನು ಯಾರೂ ಎತ್ತಲಿಲ್ಲ. ಕಾರು ನೇರ ತೀರ್ಥಹಳ್ಳಿಗೆ ಬಂತು.

ಮಾರನೆಯ ದಿನ ಬೆಳಿಗ್ಗೆ ಗೇಟಿಗೆ ದನ ಬಂತು. ಅತ್ತೆ ಹೊರಗೆ ಹೋಗಲಿಲ್ಲ. ನಾನೇ ಹೋಗಿ ಕೊಟ್ಟೆ. ಒಳಗೆ ಬಂದಾಗ ಅವರು ಫೋನ್ ನನ್ನ ಮುಂದಿಟ್ಟು, "ಜ್ವರ ಇದ್ಯಾ ಕೇಳು," ಅಂದರು. ಕೇಳಿದೆ. ಜ್ವರ ಇತ್ತು. ರಾತ್ರಿಯೇ ಮೈ ಬಿಸಿಯಾಗಿ, ಡಾಕ್ಟರು ಮತ್ತೆ ಬಂದು ಸೂಜಿ ಹಾಕಿ ಹೋಗಿದ್ದರು. ತಲೆ ಎತ್ತುತ್ತಿಲ್ಲ, ಕಲಸಿದ ಬೂಸಾ ಮೂಸಿ ನೋಡಿ ಬಿಡುತ್ತಿದೆ ಅಂದಳು. ಇದ್ದ ಹಾಗೆಯೇ ಅತ್ತೆಗೆ ಹೇಳಿದೆ. ಅಂದಿನಿಂದ ಅವರು ಒಪ್ಪೊತ್ತಿನ ಊಟಕ್ಕೆ ಇಳಿದರು. ರಾತ್ರಿ ಎಲೆ ಹಾಕಿದರೆ ಹಸಿವಿಲ್ಲ ಎನ್ನುವರು. ನಮ್ಮನೆಯವರು ಒಂದು ರಾತ್ರಿ ಅವರ ಪಕ್ಕ ಕೂತು, "ನಾನು ಕಾರು ನಿಲ್ಸಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ," ಅಂದರು. "ನೀ ಎಂತ ಮಾಡ್ತೀಯಾ. ಕೊಟ್ಟ ಕೈ ನಂದು," ಅಂದರು ಅತ್ತೆ. ತಾಯಿ ಮಗನ ನಡುವೆ ಅಷ್ಟೇ ಮಾತು.

ದಿನಾ ಬೆಳಿಗ್ಗೆ ಫೋನು. ನಾನು ಮಾಡುವುದು, ಅತ್ತೆ ಎದುರಿಗೆ ನಿಲ್ಲುವುದು. ಜ್ವರ ಒಂದು ದಿನ ಇಳಿದು ಮರುದಿನ ಏರಿತು. ಫಾರಮಿನವಳ ದನಿ ದಣಿದಿತ್ತು, ಆದರೆ ಒಂದು ದಿನವೂ ಫೋನ್ ಎತ್ತದೆ ಬಿಡಲಿಲ್ಲ. ಅದು ಅವಳ ದೊಡ್ಡ ಗುಣ. ನಾನಾಗಿದ್ದರೆ ಎತ್ತುತ್ತಿದ್ದೆನೋ ಇಲ್ಲವೋ.

ಮಗಳ ಶಾಲೆ ಮತ್ತೆ ಶುರುವಾಗಿ, ಅವಳಿಗೆ ಜಡೆ ಹಾಕುತ್ತಿದ್ದ ಒಂದು ಬೆಳಿಗ್ಗೆ ಫೋನು ತಾನಾಗಿ ಬಂತು. ಫಾರಮಿನವಳ ನಂಬರು. ಅವಳಾಗಿ ಯಾವತ್ತೂ ಮಾಡಿದವಳಲ್ಲ. ಕೈ ಎಣ್ಣೆಯಾಗಿತ್ತು. ಅತ್ತೆಯೇ ಎತ್ತಿ, ಎಲ್ಲಿ ಒತ್ತಬೇಕೆಂದು ತಿಳಿಯದೆ ನನ್ನ ಮುಂದೆ ಹಿಡಿದರು. ಸ್ಪೀಕರ್ ಒತ್ತಿದೆ.

"ಅಕ್ಕಾ, ನಿನ್ನೆಯಿಂದ ಜ್ವರ ಇಲ್ಲ. ಡಾಕ್ಟ್ರು ಈಗ ನೋಡಿ ಹೋದ್ರು. ಎದೆ ಸರಿ ಇದೆ ಅಂದ್ರು. ಅಮ್ಮಂಗೆ ಹೇಳಿ."

ಅತ್ತೆ ಫೋನಿಗೆ ಬಾಯಿಟ್ಟು ಕೇಳಿದರು. "ಹುಲ್ಲು ತಿಂತಾ ಮಗಾ?"

"ತಿಂತಾ ಇದೆ ಅಮ್ಮಾ. ಹಸಿ ಹುಲ್ಲು ಸಣ್ಣಕ್ಕೆ ಕತ್ತರಿಸಿ ಕೊಟ್ಟೆ."

"ಲದ್ದಿ ಹಾಕ್ತಾ?"

"ಹಾಕ್ತು."

"ಗಟ್ಟಿನಾ, ತೆಳ್ಳಗಾ?"

ಆ ಕಡೆ ಅವಳು ನಕ್ಕಳು. ಅವಳ ನಗೆಯನ್ನು ಅಷ್ಟು ದಿನಗಳ ಮೇಲೆ ಕೇಳಿದೆ. "ಗಟ್ಟಿನೇ ಅಮ್ಮಾ. ಉಂಡೆ ಉಂಡೆಯಾಗಿ ಹಾಕಿದೆ. ಬಂದು ನೋಡಿ ಬೇಕಾದ್ರೆ."

"ಬತ್ತೀನಿ. ಬರಿಗೈಯಲ್ಲಿ ಬತ್ತೀನಿ," ಅಂದರು ಅತ್ತೆ.

ಫೋನ್ ಇಟ್ಟು ದೇವರ ಕೋಣೆಗೆ ಹೋದರು. ನಾನು ಜಡೆ ಮುಗಿಸಿ, ಮಗಳನ್ನು ಬಸ್ಸಿಗೆ ಬಿಟ್ಟು ಬಂದರೂ ಹೊರಗೆ ಬಂದಿರಲಿಲ್ಲ. ಕೆಲಸಕ್ಕೆ ಕರೆಯಲಿಲ್ಲ, ನನ್ನಷ್ಟಕ್ಕೆ ಪಾತ್ರೆ ತೊಳೆದೆ. ಅಂದು ರಾತ್ರಿ ನಾನು ಎಲ್ಲರಿಗೂ ಎಲೆ ಹಾಕುವಾಗ ಅತ್ತೆ ಬಂದು ತಮ್ಮ ಜಾಗದಲ್ಲಿ ಕೂತರು. "ಸಾರು ಸ್ವಲ್ಪ ಹೆಚ್ಚಿಗೆ ಹಾಕು," ಅಂದರು. ಹಾಕಿದೆ.